ಬೀಸಣಿಗೆ ತುಂಬಿದೆ, ಗಾಳಿ ಯಾಕಿಲ್ಲ? (ವಿಮಾನ ನಿಲ್ದಾಣದ ಉಚಿತ ವೈಫೈ)



ವಾಮಂಜೂರಿನಲ್ಲಿ ನಿಂತು ತಲೆ ಎತ್ತಿದರೆ ಬಜಪೆಗೆ ಇಳಿಯುವ ವಿಮಾನ ನಮಗೆಲ್ಲ ಕಾಣುತ್ತದೆ. ಸಣ್ಣವರಿದ್ದಾಗ ಟಾಟಾ ಮಾಡುತ್ತಿದ್ದೆವು. ಈಗ ಅದರೊಳಗೆ ಯಾರ ಅಪ್ಪ, ಯಾರ ಮಾವ ಇದ್ದಾರೆ ಅಂತ ಲೆಕ್ಕ ಹಾಕುತ್ತೇವೆ. ನಮ್ಮ ತರಗತಿಯಲ್ಲೇ ಗಲ್ಫಿನಲ್ಲಿ ಮನೆಯವರು ಇರುವವರು ಎಷ್ಟು ಮಂದಿ ಉಂಟು ನೋಡಿ. ಅದಕ್ಕೇ ಈ ಸಲ ಗೋಡೆ ಪತ್ರಿಕೆಗೆ ವಿಮಾನದ ಬಗ್ಗೆ ಅಲ್ಲ, ವಿಮಾನ ನಿಲ್ದಾಣದಲ್ಲಿ ಪುಕ್ಕಟೆ ಸಿಗುವ ವೈಫೈ ಬಗ್ಗೆ ಬರೆಯುತ್ತಿದ್ದೇನೆ. ಇದನ್ನು ನಾನು ಯಾಕೆ ಕಲಿತೆ ಅಂತ ಮೊದಲು ಹೇಳಬೇಕು.

ಕಳೆದ ವರ್ಷ ಮಳೆಗಾಲದಲ್ಲಿ ಅಜ್ಜಿಗೆ ಜೋರು ಹುಷಾರಿಲ್ಲದೆ ಆಸ್ಪತ್ರೆಗೆ ಸೇರಿಸಿದೆವು. ಸೌದಿಯ ದಮ್ಮಾಮ್‌ನಲ್ಲಿ ಎಸಿ ರಿಪೇರಿ ಕೆಲಸ ಮಾಡುವ ನನ್ನ ಮಾವ ರಜೆ ಕೇಳಿ ಹೊರಟರು. ನೇರ ವಿಮಾನದ ಟಿಕೆಟು ಸಿಗಲಿಲ್ಲ. ನಮ್ಮ ದೇಶದ್ದೇ ಒಂದು ದೊಡ್ಡ ನಿಲ್ದಾಣದಲ್ಲಿ (ಹೆಸರು ಬೇಡ) ಇಳಿದು, ಮೂರು ಗಂಟೆ ಕಾದು, ಮಂಗಳೂರಿನ ವಿಮಾನ ಹತ್ತಬೇಕಿತ್ತು. ಅವರು ಆಕಾಶದಲ್ಲಿದ್ದಾಗ ಡಾಕ್ಟರು ಅಜ್ಜಿಯನ್ನು ಬೇರೆ ಆಸ್ಪತ್ರೆಗೆ ಕಳುಹಿಸಿದರು. ಅಮ್ಮ ಕೂಡಲೇ ವಾಟ್ಸಾಪ್ ಮಾಡಿದರು. ಸಂದೇಶದ ಪಕ್ಕದಲ್ಲಿ ಒಂದೇ ಗೀಟು. ಮೂರು ಗಂಟೆ ಅಮ್ಮ ಆ ಒಂದು ಗೀಟನ್ನೇ ನೋಡುತ್ತಾ ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದರು. ಎರಡನೆಯ ಗೀಟು ಬರಲೇ ಇಲ್ಲ. ರಾತ್ರಿ ಮಾವ ಆಟೋ ಹಿಡಿದು ಸೀದಾ ಹಳೆಯ ಆಸ್ಪತ್ರೆಗೆ ಹೋದರು. ಅಜ್ಜಿಯ ಮಂಚ ಖಾಲಿ. ಆ ಖಾಲಿ ಮಂಚ ನೋಡಿ ತನಗೇನು ಅನಿಸಿತು ಎಂದು ಮಾವ ಇಂದಿಗೂ ಸರಿಯಾಗಿ ಹೇಳುವುದಿಲ್ಲ. ನರ್ಸಮ್ಮ ಬಂದು ವಿಷಯ ಹೇಳುವವರೆಗೆ ಐದು ನಿಮಿಷ ಆಗಿರಬಹುದು.

ಅಜ್ಜಿ ಈಗ ಮನೆಯಲ್ಲಿದ್ದಾರೆ, ಎಲೆ ಅಡಿಕೆ ಜಗಿಯುವಷ್ಟು ಗಟ್ಟಿಯಾಗಿದ್ದಾರೆ.

"ಅಲ್ಲಿ ವೈಫೈ ಇತ್ತಲ್ಲ ಮಾವ?" ಅಂತ ನಾನು ಕೇಳಿದೆ. "ಇತ್ತು ಮಾರಾಯ, ಬೀಸಣಿಗೆ ಪೂರ್ತಿ ತುಂಬಿತ್ತು. ಗಾಳಿ ಮಾತ್ರ ಬರಲಿಲ್ಲ" ಎಂದರು. ಫೋನಿನ ಮೇಲ್ಗಡೆ ಬೀಸಣಿಗೆಯ ಹಾಗೆ ಒಂದು ಗುರುತು ಬರುತ್ತದಲ್ಲ, ಅದು. ಇದನ್ನು ವಿಜ್ಞಾನ ಸಾರ್ ಹತ್ತಿರ ಹೇಳಿದಾಗ "ಯಾಕೆ ಬರಲಿಲ್ಲ ಅಂತ ಹುಡುಕಿ ಬರೆ" ಎಂದರು. ನಮ್ಮ ಪಕ್ಕದ ಮನೆಯಲ್ಲಿ ಇಂಜಿನಿಯರಿಂಗ್ ಓದುವ ಒಬ್ಬ ಅಕ್ಕ ಇದ್ದಾರೆ. ಅವರು ಅರ್ಧ ಕಲಿಸಿದರು, ಇನ್ನರ್ಧ ನಾನು ಓದಿಕೊಂಡೆ.

ವೈಫೈ ಅಂದರೆ ರೇಡಿಯೋ ತರಂಗವೇ. ಇದರ ಮೊದಲ ನಿಯಮಾವಳಿ 1997ರಲ್ಲಿ ಬಂತು, ವೈಫೈ ಎಂಬ ಹೆಸರು 1999ರಲ್ಲಿ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್‌ನ ತರಂಗಗಳು. ಬೆಳಕಿನ ವೇಗವನ್ನು ಆವರ್ತನದಿಂದ ಭಾಗಿಸಿದರೆ ತರಂಗದ ಉದ್ದ ಸಿಗುತ್ತದೆ ಎಂದು ಸಾರ್ ಕಲಿಸಿದ್ದಾರೆ. ನೀವೂ ಮಾಡಿ ನೋಡಿ: 2.4ಕ್ಕೆ ಸುಮಾರು 12.5 ಸೆಂಟಿಮೀಟರ್, 5ಕ್ಕೆ 6 ಸೆಂಟಿಮೀಟರ್. ಗೇಣಿಗಿಂತ ಚಿಕ್ಕದು! ಮುರಕಲ್ಲಿನ ಗೋಡೆ, ಕಬ್ಬಿಣದ ಕಪಾಟು, ಮನುಷ್ಯರ ಮೈ (ನಮ್ಮ ಮೈಯಲ್ಲಿ ಹೆಚ್ಚಿನ ಪಾಲು ನೀರಲ್ಲವಾ) ಎಲ್ಲವೂ ಈ ಅಲೆಯನ್ನು ತಡೆಯುತ್ತವೆ ಅಥವಾ ನುಂಗುತ್ತವೆ. ಆದ್ದರಿಂದ ಖಾಲಿ ಹಾಲ್‌ನಲ್ಲಿ ಚೆನ್ನಾಗಿ ಬರುವ ವೈಫೈ, ಗಲ್ಫ್ ವಿಮಾನದ ಜನ ತುಂಬಿದಾಗ ಕುಂದುತ್ತದೆ.

ಬೀಸಣಿಗೆ ಹೇಳುವುದು ಒಂದೇ ಸಂಗತಿ: ನಿಮ್ಮ ಫೋನಿಗೂ ಛಾವಣಿಯಲ್ಲಿರುವ ಬಿಳಿ ಪೆಟ್ಟಿಗೆಗೂ ನಡುವೆ ಅಲೆ ಎಷ್ಟು ಗಟ್ಟಿ ಉಂಟು ಎಂದು. ಆ ಪೆಟ್ಟಿಗೆಯಿಂದ ಹೊರಗಿನ ಲೋಕಕ್ಕೆ ಹೋಗುವ ತಂತಿಯಲ್ಲಿ ಏನು ನಡೆಯುತ್ತಿದೆ ಎಂದು ಅದಕ್ಕೆ ಗೊತ್ತಿಲ್ಲ. ಬಾವಿಯ ರಾಟೆ ಗಟ್ಟಿ ಇದೆ, ಹಗ್ಗ ಹೊಸತು ಅಂದ ಮಾತ್ರಕ್ಕೆ ಬಾವಿಯಲ್ಲಿ ನೀರಿದೆ ಎಂದಾಗುವುದಿಲ್ಲವಲ್ಲ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ, ಸೆಕೆಂಡಿಗೆ 100 ಮೆಗಾಬಿಟ್ ಸಾಗಿಸುವ ತಂತಿಗೆ 200 ಜನ ಒಟ್ಟಿಗೆ ಬಾಯಿ ಹಾಕಿದರೆ ಒಬ್ಬೊಬ್ಬನ ಪಾಲಿಗೆ ಅರ್ಧ ಮೆಗಾಬಿಟ್.

ಗಾಳಿಯಲ್ಲೂ ಪಾಲು ಉಂಟು. ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬನೇ ಮಾತಾಡಬೇಕು. ಪ್ರತಿ ಫೋನೂ ಮೊದಲು ಕಿವಿಗೊಟ್ಟು, ಯಾರೂ ಮಾತಾಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ಆಮೇಲೆ ಬಾಯಿ ತೆರೆಯುತ್ತದೆ. (ನಮ್ಮ ತರಗತಿಗಿಂತ ಶಿಸ್ತು!) ಅದರಲ್ಲೂ ಒಂದು ತಮಾಷೆ ಇದೆ. ದೂರದಲ್ಲಿ ಕೂತವನ ಫೋನು ನಿಧಾನಕ್ಕೆ ಮಾತಾಡುತ್ತದೆ. ಅದು ಮುಗಿಸುವವರೆಗೆ ಹತ್ತಿರದವರೂ ಕಾಯಬೇಕು. ಕನ್ನಡ ಪಿರಿಯಡ್‌ನಲ್ಲಿ ಒಂದೇ ಪುಸ್ತಕ ಸರದಿಯಲ್ಲಿ ಓದುವಾಗ ತಡವರಿಸುವವನ ಸರದಿ ಬಂದರೆ ಎಲ್ಲರಿಗೂ ತಡ ಆಗುವುದಿಲ್ಲವಾ, ಹಾಗೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ ಮೂರು: 1, 6 ಮತ್ತು 11. ಆದ್ದರಿಂದ ಪೆಟ್ಟಿಗೆಗಳನ್ನು ಸುಮ್ಮನೆ ಹೆಚ್ಚು ತೂಗುಹಾಕಿದರೂ ಒಂದರ ಮಾತಿಗೆ ಇನ್ನೊಂದು ಅಡ್ಡ ಬರುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ ಚಾನೆಲ್‌ಗಳು ಜಾಸ್ತಿ, ಆದರೆ ಆ ಅಲೆ ಗೋಡೆ ದಾಟುವುದು ಕಡಿಮೆ.

ಇದನ್ನು ಮನೆಯಲ್ಲಿ ಪರೀಕ್ಷೆ ಮಾಡಿದೆವು. ಅಕ್ಕನ ಫೋನಿನ ಹಾಟ್‌ಸ್ಪಾಟ್‌ನಿಂದ ನಾನೊಬ್ಬನೇ ಒಂದು ವಿಡಿಯೋ ಇಳಿಸಿಕೊಂಡಾಗ ಅರ್ಧ ನಿಮಿಷ ಸಾಕಾಯಿತು. ಐದು ಫೋನು ಸೇರಿ ಅದೇ ವಿಡಿಯೋ ಇಳಿಸಿದಾಗ ಮೂರು ನಿಮಿಷ ದಾಟಿತು. ಅಷ್ಟೂ ಹೊತ್ತು ಬೀಸಣಿಗೆ ಮಾತ್ರ ಐದೂ ಫೋನಿನಲ್ಲಿ ಪೂರ್ತಿ ತುಂಬಿಯೇ ಇತ್ತು. ಆಮೇಲೆ ಅಕ್ಕನ ಫೋನನ್ನು ಅಕ್ಕಿ ಡಬ್ಬದೊಳಗೆ ಇಟ್ಟು ಮುಚ್ಚಳ ಹಾಕಿದೆವು. ಬೀಸಣಿಗೆ ಕುಗ್ಗಿತು. ಅಮ್ಮ ಬೈದ ಕಾರಣ ಪರೀಕ್ಷೆ ಅಲ್ಲಿಗೇ ನಿಂತಿತು.

ಆದರೆ ಸ್ನೇಹಿತರೇ, ಮಾವನಿಗೆ ಕೈಕೊಟ್ಟದ್ದು ಇದ್ಯಾವುದೂ ಅಲ್ಲ. ಅಮ್ಮ ಕಳುಹಿಸಿದಂಥ ಒಂದು ಸಾಲಿನ ಸಂದೇಶ ಬಹಳ ಸಣ್ಣದು, ಎಂಥ ಕುಂಟು ವೈಫೈಯಲ್ಲೂ ನುಸುಳಿ ಬರುತ್ತದೆ. ಮಾವ ಸಿಕ್ಕಿಬಿದ್ದದ್ದು ಬಾಗಿಲಲ್ಲಿ.

ಉಚಿತ ವೈಫೈಗೆ ಸೇರಿದ ಕೂಡಲೇ ಫೋನು ಒಂದು ಸಣ್ಣ ಪುಟವನ್ನು ಕೇಳಿ ನೋಡುತ್ತದೆ. ಬಾಗಿಲು ಕಾಯುವ ಯಂತ್ರ ಆ ಪುಟದ ಬದಲು ತನ್ನದೇ ಪುಟ ಕೊಡುತ್ತದೆ: "ನಿಮ್ಮ ಮೊಬೈಲ್ ಸಂಖ್ಯೆ ಹಾಕಿ, ಒಟಿಪಿ ಬರುತ್ತದೆ". ಮಾವ ಊರಿನ ನಂಬರ್ ಹಾಕಿದರು. ಒಂದು ವರ್ಷದಿಂದ ರೀಚಾರ್ಜ್ ಇಲ್ಲದೆ ಆ ಸಿಮ್ ಸತ್ತಿತ್ತು. 90 ದಿನ ಕರೆ, ಸಂದೇಶ, ಡೇಟಾ ಒಂದೂ ಇಲ್ಲದೆ, ಒಳಗೆ ದುಡ್ಡೂ ಇಲ್ಲದೆ ಬಿದ್ದಿದ್ದರೆ ಕಂಪನಿಯವರು ನಂಬರನ್ನು ನಿಲ್ಲಿಸಬಹುದು, ಮುಂದೆ ಬೇರೆಯವರಿಗೆ ಕೊಡಲೂಬಹುದು. ಆಗ ಒಟಿಪಿ ಯಾವನೋ ಗುರುತಿಲ್ಲದವನ ಜೇಬಿಗೆ ಹೋಗುತ್ತದೆ! ಆಮೇಲೆ ಸೌದಿಯ ನಂಬರ್ ಹಾಕಿದರು. ಅದಕ್ಕೆ ರೋಮಿಂಗ್ ಹಾಕಿಸಿರಲಿಲ್ಲ. ಒಟಿಪಿ ಬಂದಿರಲೂಬಹುದು, ಇಳಿಯಲು ಜಾಗವಿಲ್ಲ. ಅಕ್ಕಪಕ್ಕದವರ ಫೋನು ಕೇಳಬಹುದಿತ್ತು. ಆದರೆ ಯಾವ ಆಸ್ಪತ್ರೆ ಎಂದು ತನಗೆ ಗೊತ್ತಿದೆ ಎಂದೇ ಅವರು ಅಂದುಕೊಂಡಿದ್ದರು. ಹೊಸ ಸುದ್ದಿ ಇದೆ ಎಂಬುದೇ ತಿಳಿಯದವ ಯಾಕೆ ಕೇಳುತ್ತಾನೆ?

ಈ ಬಾಗಿಲನ್ನು ಯಾಕೆ ಇಟ್ಟರು? ಅದಕ್ಕೂ ಒಂದು ಕಥೆ ಉಂಟು. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬು ಸ್ಫೋಟಗಳಾದವು. ಅದಕ್ಕೆ ಸ್ವಲ್ಪ ಮುಂಚೆ ಬೆದರಿಕೆಯ ಇಮೇಲ್ ಹೋಗಿತ್ತು. ಹುಡುಕಿದರೆ, ಅದು ನವಿಮುಂಬೈಯಲ್ಲಿ ಪಾಸ್‌ವರ್ಡ್ ಇಲ್ಲದೆ ತೆರೆದಿಟ್ಟ ಬೇರೆ ಯಾರದೋ ವೈಫೈ ಮೂಲಕ ಹೋದದ್ದು. ಬಳಸಿದವ ಯಾರು ಎಂದು ಗುರುತು ಸಿಗುವಂತಿರಲಿಲ್ಲ. ಅದರ ನಂತರ 2009ರ ಫೆಬ್ರವರಿಯಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ಸೂಚನೆ ಹೊರಡಿಸಿತು: ಸಾರ್ವಜನಿಕ ಜಾಗದಲ್ಲಿ ವೈಫೈ ಕೊಡುವವರು ಬಳಸುವವನ ಗುರುತು ಇಟ್ಟುಕೊಳ್ಳಬೇಕು. ಒಂದೋ ಫೋಟೋ ಇರುವ ಗುರುತುಚೀಟಿಯ ಪ್ರತಿ ತೆಗೆದುಕೊಂಡು ಒಂದು ವರ್ಷ ಇಡಬೇಕು, ಇಲ್ಲವೇ ಮೊಬೈಲಿಗೆ ಸಂದೇಶ ಕಳುಹಿಸಿ ಒಳಗೆ ಬಿಡಬೇಕು. ಸಂದೇಶದ ದಾರಿ ಸುಲಭ, ಅದಕ್ಕೆ ಜನ ಬೇಡ, ಕಾಗದ ಬೇಡ. ಹಾಗಾಗಿ ಎಲ್ಲ ಕಡೆ ಅದೇ ಬಂತು. ನಾನಿದನ್ನು ಅಜ್ಜಿಗೆ ಓದಿ ಹೇಳಿದಾಗ "ಹಾಗಾದರೆ ವೈಫೈಗೂ ರೇಷನ್ ಕಾರ್ಡ್ ಬೇಕಾ?" ಎಂದು ಕೇಳಿದರು.

ನಿಯಮ ತಪ್ಪು ಎಂದು ನಾನು ಹೇಳುವುದಿಲ್ಲ, ಕಾರಣ ಗಟ್ಟಿಯಾಗಿದೆ. ಆದರೆ ಒಂದು ವಿಷಯ ನೋಡಿ. ಊರಿನ ಸಿಮ್ ಇರುವವನ ಫೋನಿನಲ್ಲಿ ದಿನಕ್ಕೆ ಇಷ್ಟು ಎಂದು ಡೇಟಾ ಇದ್ದೇ ಇರುತ್ತದೆ, ಅವನಿಗೆ ಉಚಿತ ವೈಫೈ ಸಿಗದಿದ್ದರೂ ನಷ್ಟವಿಲ್ಲ. ನಿಜವಾಗಿ ಬೇಕಾದದ್ದು ಹೊರದೇಶದಿಂದ ಬಂದು ಇಳಿದವನಿಗೆ. ಒಟಿಪಿ ಬಾರದಿರುವುದೂ ಅವನಿಗೇ. ಯಾರಿಗಾಗಿ ಇಟ್ಟದ್ದೋ ಅವನೇ ಹೊರಗೆ! ವೈಫೈಯ ಗುಣಮಟ್ಟ ಎಂದರೆ ಎಲ್ಲರೂ ವೇಗವನ್ನೇ ಅಳೆಯುತ್ತಾರೆ. ನೂರು ಜನ ಪ್ರಯತ್ನ ಮಾಡಿದರೆ ಎಷ್ಟು ಜನ ಒಳಗೆ ಹೋದರು ಎಂದು ಮೊದಲು ಎಣಿಸಬೇಕು ಅಂತ ನನಗೆ ಅನಿಸುತ್ತದೆ.

ದಾರಿ ಇಲ್ಲದೆ ಇಲ್ಲ. ದೆಹಲಿಯಂಥ ದೊಡ್ಡ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ತೋರಿಸಿ ವೈಫೈ ಕೂಪನ್ ಪಡೆಯುವ ಯಂತ್ರ ಇಟ್ಟಿದ್ದಾರೆ. 2009ರ ಸೂಚನೆಯಲ್ಲಿದ್ದ ಗುರುತುಚೀಟಿಯ ದಾರಿಯೇ ಇದು. ಮಾವ ಇಳಿದ ಕಡೆಯೂ ಇದ್ದಿರಬಹುದು. ಅವರು ಕೇಳಲಿಲ್ಲ, ಅವರಿಗೆ ಹೇಳಿದವರೂ ಇಲ್ಲ. ಸಾಮಾನು ಬರುವ ಬೆಲ್ಟಿನ ಹತ್ತಿರ ಒಂದು ಬೋರ್ಡು ಬರೆದು ಹಾಕಿದರೆ ಎಷ್ಟು ಖರ್ಚು ಬಂದೀತು? ನಮ್ಮ ಬಜಪೆ ನಿಲ್ದಾಣ ಶುರುವಾದದ್ದು 1951ರ ಡಿಸೆಂಬರ್ 25ರಂದು, ನೆಹರೂ ಬಂದಿಳಿದಾಗ. ದುಬೈಗೆ ಇಲ್ಲಿಂದ ವಿಮಾನ ಹೊರಟದ್ದು 2006ರಲ್ಲಿ, ಕೆಂಜಾರಿನ ಹೊಸ ಕಟ್ಟಡ ತೆರೆದದ್ದು 2010ರಲ್ಲಿ. ಅಂದರೆ ಇದು ಬಹಳ ಮಟ್ಟಿಗೆ ಗಲ್ಫಿಗೆ ದುಡಿಯಲು ಹೋಗಿ ಬರುವವರ ನಿಲ್ದಾಣ. ಇಂಥ ಬೋರ್ಡು ಕನ್ನಡದಲ್ಲೂ ತುಳುವಿನಲ್ಲೂ ಮಲಯಾಳದಲ್ಲೂ ಇದ್ದರೆ ಚೆಂದ.

ರೈಲಿನವರ ವಿಷಯ ಚಿಕ್ಕದಾಗಿ ಹೇಳುತ್ತೇನೆ. 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಲ್ಲಿ ಶುರು ಮಾಡಿ ಈಗ 6000ಕ್ಕೂ ಹೆಚ್ಚು ರೈಲು ನಿಲ್ದಾಣಗಳಲ್ಲಿ ವೈಫೈ ಇದೆ, ದಿನಕ್ಕೆ ಮೊದಲ ಅರ್ಧ ಗಂಟೆ ಉಚಿತ. ಅಲ್ಲೂ ಒಟಿಪಿಯೇ ಬಾಗಿಲು.

ಬಾಗಿಲೇ ಇಲ್ಲದಿದ್ದರೆ ಒಳ್ಳೆಯದಾ? ಅಲ್ಲೂ ಅಪಾಯ ಉಂಟು. ವೈಫೈಗೆ ಯಾರು ಯಾವ ಹೆಸರು ಬೇಕಾದರೂ ಇಡಬಹುದು. ನಾನು ನನ್ನ ಹಾಟ್‌ಸ್ಪಾಟ್‌ಗೆ "ಏರ್‌ಪೋರ್ಟ್ ಫ್ರೀ" ಎಂದು ಹೆಸರಿಟ್ಟರೆ ತಡೆಯುವವರಿಲ್ಲ. ಆಸ್ಟ್ರೇಲಿಯಾದಲ್ಲಿ ಒಬ್ಬ ವಿಮಾನ ನಿಲ್ದಾಣಗಳಲ್ಲಿ ಹೀಗೆಯೇ ನಕಲಿ ವೈಫೈ ಇಟ್ಟು ಜನರ ಪಾಸ್‌ವರ್ಡ್ ಕದಿಯುತ್ತಿದ್ದ ಎಂದು ಅಲ್ಲಿನ ಪೊಲೀಸರು 2024ರಲ್ಲಿ ಮೊಕದ್ದಮೆ ಹಾಕಿದರು. ಫೋನು ನಂಬರ್ ಕೇಳುವ ಪುಟ ಸರಿ. ಇಮೇಲ್ ಪಾಸ್‌ವರ್ಡ್ ಕೇಳುವ ಪುಟ ಬಂದರೆ ಅಲ್ಲಿಂದ ಎದ್ದು ಬನ್ನಿ. ಬ್ಯಾಂಕಿನ ಕೆಲಸ ಮನೆಗೆ ಬಂದ ಮೇಲೆ ಮಾಡಿ.

ಈ ಸಲ ಮಾವ ಹೊರಡುವ ಮೊದಲು ನಾನೂ ಅಕ್ಕನೂ ಸೇರಿ ಅವರ ಊರಿನ ಸಿಮ್ಮನ್ನು ಹೊಸದಾಗಿ ಮಾಡಿಸಿ, ಹೊರದೇಶದಲ್ಲೂ ಸಂದೇಶ ಬರುವ ಹಾಗೆ ರೋಮಿಂಗ್ ಹಾಕಿಸಿದೆವು. ತಿಂಗಳ ರೀಚಾರ್ಜ್ ನೆನಪಿಸುವ ಕೆಲಸ ನನ್ನದು. ಅಮ್ಮನ ನಂಬರನ್ನೂ ನಮ್ಮ ಮನೆಯ ನಂಬರನ್ನೂ ಕಾಗದದಲ್ಲಿ ಬರೆದು ಪಾಸ್‌ಪೋರ್ಟಿನ ಕವರಿನೊಳಗೆ ಇಟ್ಟೆ. ಮಾವ ನಕ್ಕರು, ಆದರೆ ತೆಗೆದು ಬಿಸಾಡಲಿಲ್ಲ.

ದುಬೈಯಲ್ಲಿ ವಿಮಾನ ಬದಲಿಸಬೇಕಿತ್ತು. ಅಲ್ಲಿನ ಉಚಿತ ವೈಫೈಗೆ ಫೋನು ನಂಬರನ್ನೇ ಕೇಳಲಿಲ್ಲವಂತೆ, ವೇಗವೂ ಭಾರೀ. ಆದರೆ ವಾಟ್ಸಾಪಿನಲ್ಲಿ ಮಾತಾಡಲು ನೋಡಿದರೆ ಕರೆ ಹೋಗಲಿಲ್ಲ. ಇಂಥ ಕರೆಗೆ ಆ ದೇಶದಲ್ಲಿ ತಡೆ ಹಾಕಿದ್ದಾರೆ, ಅದು ವೈಫೈಯ ದೋಷ ಅಲ್ಲ. ಬರೆದು ಕಳುಹಿಸಿದ್ದು ಮಾತ್ರ ಬಂತು. ಅಮ್ಮ ಫೋನನ್ನು ಅಜ್ಜಿಯ ಕಣ್ಣಿನ ಹತ್ತಿರ ಹಿಡಿದರು.

"ದುಬೈಗೆ ಮುಟ್ಟಿದೆ ಅಮ್ಮ. ಮಾತ್ರೆ ತಗೊಂಡ್ಯಾ?"

ಅಜ್ಜಿ "ತಗೊಂಡೆ ಅಂತ ಬರಿ" ಎಂದರು. ನಾನು ಬರೆದೆ. ಎರಡು ಗೀಟು ಕೂಡಲೇ ಬಿತ್ತು.