ಯೀಸ್ಟಿನಿಂದ ತೆಗೆದ ಪರಿಮಳವೂ ಭೋಗೋಪಭೋಗ ಪರಿಮಾಣವ್ರತವೂ

ದಶಲಕ್ಷಣ ಪರ್ವವು ಸಮೀಪಿಸಿದಾಗ ಶ್ರಾವಕರ ಮನೆಗಳಲ್ಲಿ ಕಂದಮೂಲ, ರಾತ್ರಿಭೋಜನ, ಸೋಸದ ನೀರು ಇವುಗಳ ವಿಚಾರವು ಸಹಜವಾಗಿಯೇ ಬರುತ್ತದೆ. ಅಂಗಡಿಯ ಪೊಟ್ಟಣದೊಳಗಿನ ಸುವಾಸನೆಯ ವಿಚಾರವು ಮಾತ್ರ ಬರುವುದು ಅಪರೂಪ. ಅಫಜಲಪುರ ತಾಲೂಕಿನ ಕರಜಗಿಯಂತಹ ಊರಿನ ಕಿರಾಣಿ ಅಂಗಡಿಯಲ್ಲಿಯೂ ಈಗ ವ್ಯಾನಿಲಾ ವಾಸನೆಯ ಬಿಸ್ಕತ್ತು, ಮಸಾಲೆ ಹಚ್ಚಿದ ಚಿಪ್ಸು ದೊರೆಯುತ್ತವೆ. ಹಸಿರು ಚುಕ್ಕೆಯಿದ್ದರೆ ಸಾಕೆಂದು ಮಕ್ಕಳ ಕೈಗೆ ಕೊಡುತ್ತಾರೆ. ನಿಯಮ ಹಿಡಿದ ಹಿರಿಯರೂ ಒಂದೆರಡು ತಿನ್ನುವುದುಂಟು. ಆ ಚುಕ್ಕೆಯು ವ್ರತಿಕನಿಗೆ ಎಷ್ಟರ ಮಟ್ಟಿಗೆ ಪ್ರಮಾಣ?

ಸರಕಾರದ ನಿಯಮದಂತೆ ಪ್ರಾಣಿ, ಪಕ್ಷಿ, ಮೀನು, ಕೀಟ, ಮೊಟ್ಟೆ ಇವುಗಳಿಂದಾದ ಪದಾರ್ಥ ಸೇರಿದ್ದರೆ ಆಹಾರವು ಮಾಂಸಾಹಾರವೆನಿಸುತ್ತದೆ. ಹಾಲಿಗಿರುವ ವಿನಾಯಿತಿಯು ಅಲ್ಲಿ ಜೇನುತುಪ್ಪಕ್ಕೂ ಉಂಟು. ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಮೂಲಗುಣಗಳಲ್ಲಿ ಎಣಿಸಿದ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರಕ್ಕೂ ಈ ಚುಕ್ಕೆಗೂ ಇರುವ ಅಂತರವು ಇದೊಂದರಿಂದಲೇ ತಿಳಿಯುತ್ತದೆ. ಯೀಸ್ಟಂತೂ ಆ ನಿಯಮದ ಗಣನೆಗೇ ಬರುವುದಿಲ್ಲ.

ಯೀಸ್ಟ್ ಎಂಬುದು ಒಂದೇ ಕೋಶದ ಶಿಲೀಂಧ್ರ, ಅಣಬೆ ಬೂಷ್ಟುಗಳ ಬಳಗದ್ದು. ಪಾವ್‌ರೊಟ್ಟಿ ಉಬ್ಬುವುದೂ ದ್ರಾಕ್ಷಾರಸವು ಮದ್ಯವಾಗುವುದೂ ಇದರಿಂದಲೇ. ಬೇಕರಿಯ ಹಸಿ ಯೀಸ್ಟಿನ 1 ಗ್ರಾಮಿನಲ್ಲಿ ಸುಮಾರು 1,000 ಕೋಟಿ ಕೋಶಗಳಿರುತ್ತವೆ. ಸಕ್ಕರೆ ಮತ್ತು ಹದವಾದ ಬಿಸುಪು ದೊರೆತರೆ ಅವು ಒಂದೂವರೆ ಎರಡು ಗಂಟೆಗೊಮ್ಮೆ ಇಮ್ಮಡಿಯಾಗುತ್ತವೆ. ವಟ್ಟಕೇರಾಚಾರ್ಯರ ಮೂಲಾಚಾರದಲ್ಲಿ ಪಾಚಿ, ಪಣಕ, ಕವಕ, ಕುಹಣ ಮೊದಲಾದವು ವನಸ್ಪತಿಕಾಯದಲ್ಲಿ ಎಣಿಸಲ್ಪಟ್ಟಿವೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಮದ್ಯವನ್ನು ರಸದಲ್ಲಿ ಹುಟ್ಟುವ ಅನೇಕ ಜೀವಗಳ ಯೋನಿಯೆಂದು ತಿಳಿಸಿದ್ದಾರೆ. ಇಷ್ಟರಿಂದ ಆಗಮದಲ್ಲಿ ಯೀಸ್ಟಿನ ಹೆಸರೇ ಇತ್ತೆಂದು ಬೀಗುವುದು ಅನುಚಿತ. ಅದು ಸೇರುವ ವರ್ಗವಿತ್ತು; ವ್ರತಕ್ಕೆ ಅಷ್ಟು ಸಾಕು.

ಇನ್ನು ವ್ಯಾನಿಲಾ. ಅದು ಮೆಕ್ಸಿಕೋ ಮೂಲದ ಬಳ್ಳಿ. ಅದರ ಹೂವಿಗೆ ಕೈಯಿಂದಲೇ ಪರಾಗಸ್ಪರ್ಶ ಮಾಡಿಸಬೇಕಾದ್ದರಿಂದ ಬೆಲೆ ಹೆಚ್ಚು. ಮಲೆನಾಡಿನ ಬೆಳೆಗಾರರೂ 2003ರ ಸುಮಾರಿಗೆ ಬೆಲೆಯೇರಿದಾಗ ಅದನ್ನು ಹಬ್ಬಿಸಿ, ಅನಂತರದ ಕುಸಿತದಲ್ಲಿ ಕೈಸುಟ್ಟುಕೊಂಡರು. ಅದರ ಪರಿಮಳದ ಮುಖ್ಯ ದ್ರವ್ಯವಾದ ವ್ಯಾನಿಲಿನ್ನನ್ನು 1874ರಲ್ಲಿ ಜರ್ಮನಿಯ ರಸಾಯನಜ್ಞರು ಕೃತಕವಾಗಿ ತಯಾರಿಸಿದರು. ಇಂದು ಲೋಕದಲ್ಲಿ ಮಾರಾಟವಾಗುವ ವ್ಯಾನಿಲಿನ್ನಿನ ಬಹುಭಾಗವು ಖನಿಜತೈಲದಿಂದ ದೊರೆಯುವ ದ್ರವ್ಯಗಳಿಂದಲೇ ಆದದ್ದು.

ಯೀಸ್ಟಿನ ಮಾರ್ಗವು ಹೊಸದು. ಡೆನ್ಮಾರ್ಕಿನ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಯೀಸ್ಟಿನೊಳಗೆ ಅನ್ಯ ಜೀವಿಗಳ ಆನುವಂಶಿಕ ಸೂತ್ರಗಳನ್ನು ಸೇರಿಸಿದರು: ಸಗಣಿಯ ಮೇಲೆ ಬೆಳೆಯುವ ಬೂಷ್ಟಿನದೊಂದು, ಬ್ಯಾಕ್ಟೀರಿಯದ್ದೊಂದು, ಮನುಷ್ಯನದೊಂದು. ಆಗ ಯೀಸ್ಟು ತಿಂದ ಸಕ್ಕರೆಯು ಅದರೊಳಗೇ ವ್ಯಾನಿಲಿನ್ನಾಗಿ ಮಾರ್ಪಟ್ಟಿತು. ಮನುಷ್ಯನದೆಂದ ಮಾತ್ರಕ್ಕೆ ಅದರಲ್ಲಿ ಮಾಂಸಾಂಶವಿದೆಯೆಂದು ಬೆದರಬೇಕಿಲ್ಲ. ಒಂದು ಪುಸ್ತಕದ ವಾಕ್ಯವನ್ನು ಇನ್ನೊಂದರಲ್ಲಿ ನಕಲು ಮಾಡಿದಂತೆ ಅಲ್ಲಿ ಸೂತ್ರದ ಪ್ರತಿ ಸೇರುತ್ತದೆಯೇ ಹೊರತು ದೇಹದ ತುಂಡಲ್ಲ. ಸ್ವಿಟ್ಜರ್‌ಲೆಂಡಿನ ಇವೋಲ್ವಾ ಸಂಸ್ಥೆಯು ಅಮೆರಿಕದ ಸಂಸ್ಥೆಯೊಂದರ ಜೊತೆಗೂಡಿ 2014ರಲ್ಲಿ ಯೀಸ್ಟಿನಿಂದಾದ ವ್ಯಾನಿಲಿನ್ನನ್ನು ಮಾರುಕಟ್ಟೆಗೆ ತಂದಿತು. ದೊಡ್ಡ ಹಂಡೆಗಳಲ್ಲಿ ಯೀಸ್ಟನ್ನು ಬೆಳೆಸಿ, ಕೊನೆಗೆ ಕೋಶಗಳನ್ನು ಬೇರ್ಪಡಿಸಿ, ಪರಿಮಳವನ್ನಷ್ಟೇ ಶುದ್ಧಿಮಾಡಿ ತೆಗೆಯುವುದು ಇದರ ಕ್ರಮ.

ಹಾಗಾದರೆ ಆ ಪುಡಿಯಲ್ಲಿ ಜೀವವಿಲ್ಲ, ಅದು ಪ್ರಾಸುಕವಲ್ಲವೇ ಎಂದು ಕೆಲವರು ಕೇಳಬಹುದು. ಪುಡಿಯಲ್ಲಿ ಜೀವವಿಲ್ಲವೆಂಬುದು ನಿಜ. ಆದರೆ ಕೃತ, ಕಾರಿತ, ಅನುಮೋದನ ಎಂಬ ಮೂರು ದ್ವಾರಗಳನ್ನು ಬಲ್ಲವನು ತಟ್ಟೆಯಲ್ಲಿರುವುದನ್ನಷ್ಟೇ ನೋಡಿ ಸುಮ್ಮನಾಗಲಾರ. ಜೋಳದ ಬೆಳೆಯಲ್ಲಿಯೂ ಏಕೇಂದ್ರಿಯ ಹಿಂಸೆಯಿಲ್ಲವೇ ಎಂಬ ಪ್ರತಿಪ್ರಶ್ನೆಯೂ ನ್ಯಾಯವೇ. ಗೃಹಸ್ಥನಿಗೆ ಸ್ಥಾವರಹಿಂಸೆ ಪೂರ್ಣವಾಗಿ ತಪ್ಪದು. ನಿಷ್ಪ್ರಯೋಜನವಾದ ಸ್ಥಾವರಹಿಂಸೆ ತಪ್ಪುತ್ತದೆ. ಸಮಂತಭದ್ರರು ಹಸಿಶುಂಠಿ, ಮೂಲಂಗಿ ಮುಂತಾದವನ್ನು ಬಿಡಿಸುವಾಗ ಕೊಟ್ಟ ಕಾರಣವು ಇಲ್ಲಿ ದಾರಿ ತೋರಿಸುತ್ತದೆ: ಫಲ ಅಲ್ಪ, ಘಾತ ಬಹಳ. ಜೋಳದಿಂದ ದೇಹ ನಿಲ್ಲುತ್ತದೆ. ವ್ಯಾನಿಲಾ ವಾಸನೆಯಿಂದ ನಿಲ್ಲುವುದು ನಾಲಗೆಯ ಚಪಲ ಮಾತ್ರ.

ಪ್ರಯೋಜನವು ಬದಲಾದರೆ ತೂಕವೂ ಬದಲಾಗುತ್ತದೆ. ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2004ರಲ್ಲಿ ಪಿಕಿಯಾ ಎಂಬ ಯೀಸ್ಟಿನಿಂದ ಇನ್ಸುಲಿನ್ ತಯಾರಿಸಿ ಮಾರಾಟಕ್ಕೆ ತಂದಿತು. ಹಿಂದೆ ಇನ್ಸುಲಿನ್ನನ್ನು ಹಂದಿ, ದನಗಳ ಮೇದೋಜೀರಕಾಂಗದಿಂದ ತೆಗೆಯುತ್ತಿದ್ದರು. ಪಂಚೇಂದ್ರಿಯ ವಧೆಯನ್ನು ತಪ್ಪಿಸಿ ರೋಗಿಯ ಪ್ರಾಣ ಉಳಿಸುವ ಈ ಔಷಧವನ್ನು ಬಿಸ್ಕತ್ತಿನ ಪರಿಮಳದೊಡನೆ ಒಂದೇ ತಕ್ಕಡಿಯಲ್ಲಿಡುವುದು ಅವಿವೇಕ. ಮಧುಮೇಹಿಗಳು ಪರ್ವದ ನೆಪದಿಂದ ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬಾರದು.

ಪೊಟ್ಟಣವನ್ನು ಓದುವ ರೀತಿಯನ್ನು ಗೃಹಿಣಿಯರು ತಿಳಿದಿರಬೇಕು. ಕೃತಕ ಪರಿಮಳವಾದರೆ ಅದರ ಹೆಸರನ್ನು ಮುದ್ರಿಸಬೇಕೆಂಬ ನಿಯಮವಿದೆ. ನೈಸರ್ಗಿಕವಾದರೆ ಆ ವರ್ಗದ ಹೆಸರಷ್ಟೇ ಸಾಕು. ಹುದುಗಿಸಿ ತೆಗೆದ ವ್ಯಾನಿಲಿನ್ ಅಮೆರಿಕ, ಯುರೋಪುಗಳಲ್ಲಿ ನೈಸರ್ಗಿಕವೆಂದೇ ಮಾರಾಟವಾಗುತ್ತದೆ. ಆದ್ದರಿಂದ ಜನ ಅಂಜುವ ‘ಕೃತಕ’ದಲ್ಲಿ ಯೀಸ್ಟಿನ ಸಂಬಂಧವಿಲ್ಲದಿರಬಹುದು, ನೆಚ್ಚುವ ‘ನೈಸರ್ಗಿಕ’ದಲ್ಲಿ ಇರಬಹುದು! ಬಳ್ಳಿಯ ಕಾಯಿಂದಲೇ ತೆಗೆದ ಅರ್ಕವೂ ನಿರ್ದೋಷವಲ್ಲ. ಅದನ್ನು ಸಾಮಾನ್ಯವಾಗಿ ಮದ್ಯಸಾರದಲ್ಲಿ ಇಳಿಸುತ್ತಾರೆ. ಚಿಪ್ಸಿನ ಪೊಟ್ಟಣದಲ್ಲಿ ‘ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್’ ಎಂದಿದ್ದರೆ ವಿಚಾರಕ್ಕೆ ಎಡೆಯೇ ಇಲ್ಲ. ಅದು ಯೀಸ್ಟಿನ ಶರೀರದ ಸಾರವೇ, ನಿಯಮವುಳ್ಳವರು ಬಿಡತಕ್ಕದ್ದು.

ತಿಳಿಯದೆ ವ್ಯಾನಿಲಾ ಬಿಸ್ಕತ್ತು ತಿಂದವನ ಮೂಲಗುಣವೇ ಭಂಗವಾಯಿತೆಂದು ಹೇಳಲು ಆಧಾರವಿಲ್ಲ. ಸೊಸೆಯಂದಿರನ್ನೂ ಮಕ್ಕಳನ್ನೂ ಆ ಮಾತಿನಿಂದ ನೋಯಿಸುವುದು ಇನ್ನೊಂದು ಹಿಂಸೆ. ಭೋಗೋಪಭೋಗ ಪರಿಮಾಣದಲ್ಲಿ ಕಾಲಮಿತಿಯುಳ್ಳ ನಿಯಮ, ಯಾವಜ್ಜೀವದ ಯಮ ಎಂದು ಎರಡು ಬಗೆಯುಂಟು. ಮೊದಲಿಗೆ ಪರ್ವದ 10 ದಿನ ಪರಿಮಳ ಬೆರೆಸಿದ ಪೊಟ್ಟಣದ ತಿಂಡಿಯನ್ನು ಬಿಡುವ ನಿಯಮವನ್ನು ಮನೆಮಂದಿಯೆಲ್ಲ ಹಿಡಿಯಬಹುದು. ಈ ಭಾಗದ ಮನೆಗಳಿಗೆ ಅದು ಕಷ್ಟವೂ ಅಲ್ಲ. ಜೋಳದ ರೊಟ್ಟಿಗೆ ಹುದುಗು ಬೇಕಿಲ್ಲ, ಶೇಂಗಾ ಹಿಂಡಿಗೆ ವ್ಯಾನಿಲಾ ಬೇಕಿಲ್ಲ. ಮಕ್ಕಳು ಸಿಹಿ ಬೇಡಿದರೆ ಏಲಕ್ಕಿ ಕುಟ್ಟಿ ಹಾಕಿದ ಮಾದಲಿ ಮನೆಯಲ್ಲಿಯೇ ಆಗುತ್ತದೆ.