ಬೆಂಗಳೂರಿನ ಮಾಲ್‌ಗೆ ಮಕ್ಕಳೊಂದಿಗೆ: ಕಾರ್ಡ್ ತುಂಬಿಸುವ ಮುನ್ನ

ರಜೆ ಬಂತೆಂದರೆ ಚಿಕ್ಕನಾಯಕನಹಳ್ಳಿ, ತುರುವೇಕೆರೆ ಕಡೆಯ ಮಕ್ಕಳದು ಈಗ ಒಂದೇ ಹಟ: ಬೆಂಗಳೂರಿನ ಮಾಲ್. ಒಳಗೆ ಕಾಲಿಡಲು ಟಿಕೆಟ್ ಇಲ್ಲ, ಸುತ್ತಾಡಲು ಕಾಸು ಬೇಕಿಲ್ಲ. ಜೇಬಿಗೆ ಕತ್ತರಿ ಬೀಳುವುದು ಮೇಲಿನ ಮಹಡಿಯ ಗೇಮ್ ಜೋನ್‌ನಲ್ಲಿ. ಹೊರಡುವ ಮುಂಚೆಯೇ ಲೆಕ್ಕ ಹಾಕಿಕೊಂಡರೆ ಒಳ್ಳೆಯದು.

ಮೊದಲು ದಾರಿ. ತಿಪಟೂರಿನಲ್ಲಿ ರೈಲು ಹತ್ತಿದವರು ಮೆಜೆಸ್ಟಿಕ್‌ವರೆಗೆ ಹೋಗಬೇಕಿಲ್ಲ, ಯಶವಂತಪುರದಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೊ ಹಿಡಿಯಿರಿ. ಮುಂದಿನ ನಿಲ್ದಾಣವೇ ಸ್ಯಾಂಡಲ್ ಸೋಪ್ ಫ್ಯಾಕ್ಟರಿ. 2012ರಲ್ಲಿ ಶುರುವಾದ ಒರಾಯನ್ ಮಾಲ್ ಅಲ್ಲಿಂದ ನಡೆದು ಹೋಗುವಷ್ಟು ದೂರ. ಆಟವೇ ಮುಖ್ಯ ಎನ್ನುವವರಿಗೆ 2021ರಲ್ಲಿ ತೆರೆದ ರಾಜಾಜಿನಗರದ ಲುಲು ಮಾಲ್ ವಾಸಿ, ಅಲ್ಲಿ ‘ಫಂಟುರಾ’ ಎಂಬ ದೊಡ್ಡ ಆಟದಂಗಳವಿದೆ. ಅದಕ್ಕೆ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ, ಮಾಗಡಿ ರಸ್ತೆ ನಿಲ್ದಾಣದಲ್ಲಿ ಇಳಿದು ಆಟೊ ಮಾಡಿ. ಕೆ.ಬಿ. ಕ್ರಾಸಿನಲ್ಲಿ ಬಸ್ಸು ಹಿಡಿದು ಬರುವವರು ಎಂಟನೇ ಮೈಲಿಯಲ್ಲೋ ಜಾಲಹಳ್ಳಿ ಕ್ರಾಸಿನಲ್ಲೋ ಇಳಿದು ಮೆಟ್ರೊ ಹತ್ತಿದರೆ ಗೊರಗುಂಟೆಪಾಳ್ಯದ ಟ್ರಾಫಿಕ್ಕಿನ ಕಾಟ ತಪ್ಪುತ್ತದೆ. ಶನಿವಾರ, ಭಾನುವಾರ ಬೇಡ. ನೆಂಟರಿಗೆಂದು ತಂದ ತೆಂಗಿನಕಾಯಿ ಚೀಲವನ್ನು ಮೊದಲು ಅವರ ಮನೆಯಲ್ಲಿ ಇಳಿಸಿಬಿಡಿ.

ಬಾಗಿಲಲ್ಲಿ ಚೀಲ ತಪಾಸಣೆ ಇರುತ್ತದೆ. ಚಾಕು, ಬೆಂಕಿಪೊಟ್ಟಣ ಮನೆಯಲ್ಲೇ ಇರಲಿ. ಪಂಚೆ ಉಟ್ಟ ಅಜ್ಜನನ್ನು ಕರೆದೊಯ್ಯಲು ಹಿಂಜರಿಯಬೇಡಿ. 2024ರ ಜುಲೈನಲ್ಲಿ ಸಿನಿಮಾ ನೋಡಲು ಬಂದ ಹಾವೇರಿ ಜಿಲ್ಲೆಯ ರೈತರೊಬ್ಬರನ್ನು ಪಂಚೆಯ ನೆಪದಲ್ಲಿ ಮಾಗಡಿ ರಸ್ತೆಯ ಜಿ.ಟಿ. ಮಾಲ್‌ನಲ್ಲಿ ತಡೆದಾಗ ರಾಜ್ಯವೆಲ್ಲ ಸಿಡಿಮಿಡಿಗೊಂಡಿತು, ಸರ್ಕಾರ ಮಾಲನ್ನೇ ಒಂದು ವಾರ ಮುಚ್ಚಿಸಲು ಮುಂದಾಯಿತು. ಪಂಚೆ, ಸೀರೆಯ ಬಗ್ಗೆ ಎಚ್ಚರ ಬೇಕಾದದ್ದು ಎಸ್ಕಲೇಟರಿನಲ್ಲಿ: ಅಂಚು ಎತ್ತಿ ಹಿಡಿದುಕೊಳ್ಳಿ. ಮಕ್ಕಳ ಮೆತ್ತನೆಯ ರಬ್ಬರ್ ಚಪ್ಪಲಿ ಪಕ್ಕದ ಸಂದಿಗೆ ತಾಗದಿರಲಿ. ಭಯವಾದರೆ ಲಿಫ್ಟ್ ಇದ್ದೇ ಇದೆ.

ಈಗ ಗೇಮ್ ಜೋನ್‌ನ ಕಾರ್ಡು. ಜಾತ್ರೆಯ ತೊಟ್ಟಿಲಿಗೆ ಪ್ರತಿ ಸಲವೂ ಕೈಯಾರೆ ನೋಟು ಕೊಡುತ್ತೇವೆ, ಹೋದದ್ದು ಗೊತ್ತಾಗುತ್ತದೆ. ಇಲ್ಲಿ ಮೊದಲೇ ದುಡ್ಡು ತುಂಬಿಸಿದ ಕಾರ್ಡನ್ನು ಮಗು ಯಂತ್ರಕ್ಕೆ ತಾಗಿಸುತ್ತಲೇ ಹೋಗುತ್ತದೆ. ‘ಇಷ್ಟು ಹಾಕಿದರೆ ಇಷ್ಟು ಬೋನಸ್’ ಎಂಬ ಆಮಿಷಕ್ಕೆ ಬೀಳದೆ ಅತಿ ಕಡಿಮೆ ಮೊತ್ತದಿಂದ ಶುರುಮಾಡಿ. ಕೌಂಟರಿನಲ್ಲಿ ಮೂರು ಪ್ರಶ್ನೆ ಕೇಳಿ: ಕಾರ್ಡಿಗೇ ಬೇರೆ ಶುಲ್ಕವಿದೆಯೇ? ಉಳಿದ ಹಣ ವಾಪಸು ಸಿಗುವುದೇ? ಎಷ್ಟು ದಿನ ನಡೆಯುತ್ತದೆ? ಪ್ರತಿ ಯಂತ್ರದ ಮೇಲೂ ದರ ಬರೆದಿರುತ್ತದೆ. ಮಗುವನ್ನು ಒಂದು ಸುತ್ತು ಬರೀ ನೋಡಲು ಬಿಟ್ಟು, ಆಮೇಲೆ ಆಟ ಆರಿಸಿಕೊಳ್ಳಲು ಹೇಳಿ.

ಬೊಂಬೆ ಎತ್ತುವ ಕೊಕ್ಕೆಯ ಯಂತ್ರದಿಂದ ದೂರವಿರಿ ಎಂದೇ ನನ್ನ ಸಲಹೆ. ಕೊಕ್ಕೆಯ ಹಿಡಿತ ಎಷ್ಟು ಬಿಗಿ, ಎಷ್ಟು ಸಡಿಲ ಎಂದು ನಡೆಸುವವರೇ ಹೊಂದಿಸಬಹುದಾದ ಯಂತ್ರ ಅದು. ಗೆದ್ದ ಟಿಕೆಟ್ ಕೂಡಿಸಿ ಬಹುಮಾನ ಪಡೆಯುವ ಆಟಗಳಲ್ಲೂ ಅಷ್ಟೆ, ಸಾವಿರ ಟಿಕೆಟ್ಟಿಗೆ ಸಿಗುವ ಪೆನ್ಸಿಲ್ ಡಬ್ಬಿ ನಮ್ಮ ಪೇಟೆ ಬೀದಿಯಲ್ಲೇ ಅಗ್ಗ. ಟ್ರ್ಯಾಂಪೊಲಿನ್‌ಗೆ ಹಿಡಿತದ ಕಾಲುಚೀಲ ಕಡ್ಡಾಯ ಮಾಡಿರುತ್ತಾರೆ, ಅದಕ್ಕೂ ಬೇರೆ ದುಡ್ಡು. ಕೆಲವು ಆಟಕ್ಕೆ ಎತ್ತರದ ಮಿತಿಯಿದೆ. ಕಾರ್ಡ್ ತುಂಬಿಸುವ ಮೊದಲೇ ಮಗುವನ್ನು ಅಳತೆಪಟ್ಟಿಯ ಪಕ್ಕ ನಿಲ್ಲಿಸಿ ನೋಡಿ.

ಒಳಹೊಕ್ಕ ಕೂಡಲೇ ತುರ್ತು ಬಾಗಿಲು ಎಲ್ಲಿದೆ ಎಂದು ಕಣ್ಣಾಡಿಸಿ. 2024ರ ಮೇ 25ರಂದು ಗುಜರಾತಿನ ರಾಜ್‌ಕೋಟ್‌ನ ಗೇಮ್ ಜೋನ್‌ಗೆ ಬೆಂಕಿ ಬಿದ್ದು ಮಕ್ಕಳೂ ಸೇರಿ 25ಕ್ಕೂ ಹೆಚ್ಚು ಜನ ಸತ್ತರು. ತುರ್ತು ಬಾಗಿಲಿಗೆ ಸಾಮಾನು ಅಡ್ಡ ಇಟ್ಟಿದ್ದರೆ ಅಂಥ ಕಡೆ ಆಡಿಸಬೇಡಿ. ಮಗುವಿನ ಜೇಬಿನಲ್ಲಿ ನಿಮ್ಮ ಫೋನ್ ನಂಬರಿನ ಚೀಟಿ, ನಿಮ್ಮ ಮೊಬೈಲಿನಲ್ಲಿ ಅಂದು ಬೆಳಿಗ್ಗೆಯೇ ತೆಗೆದ ಮಗುವಿನ ಫೋಟೊ ಇರಲಿ.

ಹೊರಗಿನ ತಿಂಡಿ ಒಳಗೆ ಬಿಡುವುದು ಕಡಿಮೆ. ತಂದ ಚಿತ್ರಾನ್ನವನ್ನು ರೈಲಿನಲ್ಲೇ ಮುಗಿಸಿ. ಅಂಗಡಿಯಲ್ಲಿ ಪೊಟ್ಟಣದ ಮೇಲಿನ ಎಂಆರ್‌ಪಿಗಿಂತ ಹೆಚ್ಚು ಕೇಳಿದರೆ ಬಿಲ್ ಪಡೆದು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಸಂಜೆಯ ರೈಲಿನಲ್ಲಿ ಮರಳುವವರು, ತಿಪಟೂರಿನಿಂದ ಚಿಕ್ಕನಾಯಕನಹಳ್ಳಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆಂದು ಬೆಳಿಗ್ಗೆಯೇ ಬಸ್ ನಿಲ್ದಾಣದಲ್ಲಿ ವಿಚಾರಿಸಿಟ್ಟುಕೊಂಡಿರಿ.