ಹೆಡರ್ ಮಾಸ್ಟರ್‌ನದು, ರೆಸ್ಪಾನ್ಸ್ ಯಾರದು?

ಕಾರಿನ ಕಿಟಕಿ, ಪಕ್ಕದ ಕನ್ನಡಿ, ಸೀಟಿನ ಮೋಟಾರು ಇಂಥ ಸಣ್ಣಪುಟ್ಟ ಕೆಲಸಕ್ಕೆ ಕ್ಯಾನ್ ಬಸ್ ದುಬಾರಿ. ಅದಕ್ಕೇ ಲಿನ್ ಬಸ್ ಬಂತು. ಒಂದೇ ತಂತಿ, 12 ವೋಲ್ಟ್, ಹೆಚ್ಚೆಂದರೆ ಸೆಕೆಂಡಿಗೆ 20 ಕಿಲೋಬಿಟ್. ಸುಲಭ ಅಂತ ಹೊಸಬರ ಕೈಗೆ ಮೊದಲು ಕೊಡುವುದು ಇದನ್ನೇ. ಅವರು ಸಿಕ್ಕಿಹಾಕಿಕೊಳ್ಳುವುದೂ ಇಲ್ಲೇ. ಎನ್‌ಎಕ್ಸ್‌ಪಿ ಚಿಪ್‌ಗಳಲ್ಲಿರುವ ಲಿನ್‌ಫ್ಲೆಕ್ಸ್ ಕಂಟ್ರೋಲರ್ ಜೊತೆ ಏಗಿ ಕಲಿತದ್ದು ಇಷ್ಟು.

1. ಐಡಿ ಎಂದರೆ ವಿಳಾಸವಲ್ಲ. ಅದು ಯಾವ ನೋಡ್‌ನ ಹೆಸರೂ ಅಲ್ಲ, ಸಂದೇಶದ ಹೆಸರು. ಮಾಸ್ಟರ್ ಐಡಿ ಹೊತ್ತ ಹೆಡರ್ ಕಳಿಸುತ್ತದೆ, ಉಳಿದ ನೋಡ್‌ಗಳೆಲ್ಲ ಸ್ಲೇವ್. ಆ ಐಡಿಗೆ ಉತ್ತರಿಸಬೇಕಾದವರು ಯಾರೆಂದು ನೆಟ್‌ವರ್ಕ್ ವಿನ್ಯಾಸದಲ್ಲೇ ತೀರ್ಮಾನವಾಗಿರುತ್ತದೆ. ಮೇಷ್ಟ್ರು ಹಾಜರಿ ಕೂಗಿದ ಹಾಗೆ, ಆದರೆ ಇಲ್ಲಿ ಕೆಲವು ನಂಬರಿಗೆ ಮೇಷ್ಟ್ರೇ ‘ಪ್ರೆಸೆಂಟ್’ ಅನ್ನಬೇಕು. ಮಾಸ್ಟರ್ ತಾನೇ ಹೆಡರ್ ಕಳಿಸಿ ತಾನೇ ಡೇಟಾ ಹಾಕುವುದು ಮಾಮೂಲಿ.

2. ಹೆಡರ್ ತಂಟೆಗೆ ಹೋಗಬೇಡಿ, ಹಾರ್ಡ್‌ವೇರ್ ನೋಡಿಕೊಳ್ಳುತ್ತದೆ. ಹೆಡರ್ ಶುರುವಿನ ಬ್ರೇಕ್, ಅಂದರೆ ಸತತ ಸೊನ್ನೆ, ಕನಿಷ್ಠ 13 ಬಿಟ್ ಉದ್ದ. ಸಾಮಾನ್ಯ ಬೈಟ್‌ನಲ್ಲಿ ಸತತವಾಗಿ 9ಕ್ಕಿಂತ ಹೆಚ್ಚು ಸೊನ್ನೆ ಬರಲಾರದು, ಹಾಗಾಗಿ ಗೊಂದಲವಿಲ್ಲ. ಆಮೇಲೆ ಬರುವ ಸಿಂಕ್ ಬೈಟ್ ಹೆಕ್ಸ್ 55. ಅದರ ಮೊದಲ ಇಳಿಕೆಯಿಂದ ಐದನೆಯ ಇಳಿಕೆಗೆ ಸರಿಯಾಗಿ 8 ಬಿಟ್ ಅಂತರ. ಅದನ್ನಳೆದೇ ಸ್ಲೇವ್ ತನ್ನ ಅಗ್ಗದ ಆಸಿಲೇಟರನ್ನು ತಿದ್ದಿಕೊಳ್ಳುತ್ತದೆ. ಮಾಸ್ಟರ್ ಕಡೆಯಲ್ಲಿ ಬಿಐಡಿಆರ್ ರಿಜಿಸ್ಟರ್ ತುಂಬಿ ಎಚ್‌ಟಿಆರ್‌ಕ್ಯೂ ಬಿಟ್ ಹಾಕಿದರೆ ಮುಗಿಯಿತು.

3. ಸ್ಲೇವ್ ಕೋಡ್ ಬರೆಯುವವರ ಬೆವರಿಳಿಯುವುದು ಹೆಡರ್ ಮುಗಿದ ಕ್ಷಣದಲ್ಲಿ. ವೇಗ 19,200 ಆದರೆ ಒಂದು ಬಿಟ್‌ಗೆ 52 ಮೈಕ್ರೋಸೆಕೆಂಡ್. ಎರಡು ಬೈಟ್ ಡೇಟಾ, ಒಂದು ಚೆಕ್‌ಸಮ್ ಸೇರಿದರೆ ರೆಸ್ಪಾನ್ಸ್ 30 ಬಿಟ್. ನಿಯಮ ಅದರ ಮೇಲೆ ಶೇ. 40 ಸಡಿಲ ಬಿಟ್ಟಿದೆ. ಅಂದರೆ 12 ಬಿಟ್, ಒಂದು ಮಿಲಿಸೆಕೆಂಡಿನ ಮುಕ್ಕಾಲು ಭಾಗವೂ ಇಲ್ಲ. ಬೈಟ್‌ಗಳ ನಡುವಿನ ಬಿಡುವೂ ಅದರಲ್ಲೇ ಸೇರಬೇಕು. ಇಷ್ಟರೊಳಗೆ ಹೆಡರ್ ಬಂತೆನ್ನುವ ಎಚ್‌ಆರ್‌ಎಫ್ ಇಂಟರಪ್ಟ್ ಬಂದು, ಐಡಿ ಓದಿ, ಬಫರ್‌ಗೆ ಡೇಟಾ ತುಂಬಿ, ದಿಕ್ಕು, ಉದ್ದ, ಚೆಕ್‌ಸಮ್ ಬಗೆ ಎಲ್ಲವನ್ನೂ ಹೇಳಿ, ಕಟ್ಟಕಡೆಗೆ ಡಿಟಿಆರ್‌ಕ್ಯೂ ಬಿಟ್ ಹಾಕಬೇಕು. ಅದು ಕಟ್ಟಕಡೆಗೇ, ಮೊದಲೇ ಹಾಕಿದರೆ ಹಳೇ ಡೇಟಾ ಬಸ್ಸಿಗೆ ಹೋದೀತು. ಉದ್ದದ ಜಾಗದಲ್ಲಿ ಒಂದು ಕಮ್ಮಿ ಬರೆಯಬೇಕೆಂಬುದೂ ನೆನಪಿರಲಿ: 8 ಬೈಟ್‌ಗೆ 7.

ಹೆಡರ್ ನಿಮ್ಮದಲ್ಲದಿದ್ದರೆ ಸುಮ್ಮನೆ ಇಂಟರಪ್ಟ್‌ನಿಂದ ಹೊರಬಂದರೆ ಸಾಲದು. ಡಿಡಿಆರ್‌ಕ್ಯೂ ಹಾಕಿ ‘ಇದು ಬೇಡ’ ಅಂತ ಹೇಳಬೇಕು. ಇಲ್ಲವಾದರೆ ಕಂಟ್ರೋಲರ್ ಬೇರೆಯವರ ಡೇಟಾವನ್ನು ನಿಮ್ಮ ಲೆಕ್ಕದಲ್ಲಿ ಓದುತ್ತಾ ಕೂತು, ಇಲ್ಲದ ದೋಷ ತೋರಿಸಬಹುದು. ಐಡಿ ಫಿಲ್ಟರ್‌ಗಳನ್ನು ಬಳಸಿದರೆ ಈ ಗೋಳೇ ಇಲ್ಲ: ನಿಮ್ಮ ಐಡಿ ಬಂದಾಗ ಮಾತ್ರ ಕರೆ ಬರುತ್ತದೆ, ದಿಕ್ಕು ಉದ್ದಗಳು ಮೊದಲೇ ತುಂಬಿರುತ್ತವೆ. ಇಂಟರಪ್ಟ್ ಒಳಗೆ ಉದ್ದುದ್ದ ಸ್ವಿಚ್-ಕೇಸ್ ಬರೆಯುವ ಚಟವಿದ್ದವರು ದಯವಿಟ್ಟು ಚಿಪ್ ಕೈಪಿಡಿಯಲ್ಲಿ ಫಿಲ್ಟರ್‌ಗಳ ಭಾಗ ಓದಿ.

4. ಕಿಟಕಿ ಏರಿಳಿಯುತ್ತದೆ, ಡಯಾಗ್ನೋಸ್ಟಿಕ್ ಮಾತ್ರ ಬಾಯಿಬಿಡುವುದಿಲ್ಲವೇ? ಚೆಕ್‌ಸಮ್ ನೋಡಿ. ಲಿನ್ 2.0 ಬಂದ ಮೇಲೆ ಐಡಿ ಬೈಟನ್ನೂ ಸೇರಿಸಿ ಕೂಡುವ ಎನ್‌ಹ್ಯಾನ್ಸ್ಡ್ ಬಗೆ ರೂಢಿಗೆ ಬಂತು. ಆದರೆ ಡಯಾಗ್ನೋಸ್ಟಿಕ್‌ಗೆ ಮೀಸಲಾದ 60, 61ನೇ ಐಡಿಗಳು ಇವತ್ತಿಗೂ ಡೇಟಾ ಮಾತ್ರ ಕೂಡುವ ಕ್ಲಾಸಿಕ್ ಬಗೆ.

5. ಇಂಟರಪ್ಟ್ ಒಳಗೆ ಬ್ರೇಕ್‌ಪಾಯಿಂಟ್ ಹಾಕಬೇಡಿ. ನೀವು ರಿಜಿಸ್ಟರ್ ನೋಡುತ್ತಾ ಕೂತಾಗ ಮಾಸ್ಟರ್ ‘ಉತ್ತರವಿಲ್ಲ’ ಎಂದು ಬರೆದುಕೊಂಡು ಮುಂದಿನ ಹೆಡರ್‌ಗೆ ಹೋಗಿರುತ್ತದೆ. ಒಂದು ಪಿನ್ ಮೇಲೆ-ಕೆಳಗೆ ಮಾಡಿ ಆಸಿಲೋಸ್ಕೋಪ್‌ನಲ್ಲಿ ನೋಡುವುದು ಎಷ್ಟೋ ವಾಸಿ. ಸ್ಕೋಪ್ ಹಾಕಿದಾಗ ಬಸ್ಸಿನ ಕೆಳಮಟ್ಟವನ್ನು ದೊಡ್ಡದು ಮಾಡಿ ನೋಡಿ. ಟ್ರಾನ್ಸೀವರ್ ಬೇರೆ, ಗ್ರೌಂಡ್ ಬೇರೆ ಆದ್ದರಿಂದ ಹೆಡರ್‌ನ ಸೊನ್ನೆಗೂ ರೆಸ್ಪಾನ್ಸ್‌ನ ಸೊನ್ನೆಗೂ ಅನೇಕ ಸಲ ಚೂರು ವೋಲ್ಟೇಜ್ ವ್ಯತ್ಯಾಸ ಕಾಣುತ್ತದೆ. ಆ ಮೆಟ್ಟಿಲು ಎಲ್ಲಿ ಬಂತೋ ಅಲ್ಲಿಂದ ಮಾತಾಡುತ್ತಿರುವವರು ಬೇರೆ. ತಂಡಗಳ ನಡುವಿನ ಎಷ್ಟೋ ಜಗಳ ಈ ಒಂದು ಚಿತ್ರದಿಂದ ಬಗೆಹರಿಯುತ್ತದೆ.

6. ಲಿನ್‌ನಲ್ಲಿ ‘ತಲುಪಿತು’ ಎನ್ನುವ ಮರುಸಂದೇಶವಿಲ್ಲ. ಮಾಸ್ಟರ್ ಕಳಿಸಿದ ಡೇಟಾ ಸ್ಲೇವ್‌ಗೆ ಕೆಟ್ಟುಹೋಗಿ ಸಿಕ್ಕರೂ ಆ ಫ್ರೇಮ್‌ನಲ್ಲಿ ಅದು ಮಾಸ್ಟರ್‌ಗೆ ಗೊತ್ತಾಗುವುದಿಲ್ಲ. ಸ್ಲೇವ್ ತಾನು ಕಳಿಸುವ ಇನ್ನೊಂದು ರೆಸ್ಪಾನ್ಸ್‌ನಲ್ಲಿ ಒಂದೇ ಒಂದು ಬಿಟ್ ಎತ್ತಿ ದೂರು ಹೇಳುತ್ತದೆ, ಅಷ್ಟೇ. ನಿಮ್ಮ ಮಾಸ್ಟರ್ ಕೋಡ್ ಆ ಬಿಟ್ ಓದುತ್ತಿದೆಯೇ ಎಂದು ಇವತ್ತೇ ತೆರೆದು ನೋಡಿ.